ಸಕ್ಕರೆ ಇಳಿದ ಸುದ್ದಿ

ನಮ್ಮ ಕಡೆ ಸಕ್ಕರೆ ಇಳಿಯಿತೆಂದರೆ ಅದು ಒಳ್ಳೆಯ ಸುದ್ದಿ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಇಬ್ಬರು ಎದುರಾದರೆ ಕಾಲುವೆ ನೀರು, ಭತ್ತದ ರೇಟು ಮುಗಿದ ಮೇಲೆ ಮಾತು ಸಕ್ಕರೆಗೆ ಬರುತ್ತದೆ. "ಈಗ ಎಷ್ಟು ಐತ್ರೀ ನಿಮ್ಮದು?" "ಇಳದೈತ್ರೀ, ದೇವರ ದಯಾ." "ಚಲೋ ಆತು ಬಿಡ್ರಿ." ಏರಿದವರ ಮುಖ ಸಣ್ಣದಾಗುತ್ತದೆ, ಇಳಿದವರು ಚಹಾ ಕುಡಿಸುತ್ತಾರೆ. ಆ ಚಹಾಕ್ಕೂ ಸಕ್ಕರೆ ಹಾಕಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಮನೆಯಲ್ಲಿ ಆಡುವುದು ದಖನಿ ಉರ್ದು, ಅನ್ನ ಹಾಕುವುದು ಕನ್ನಡ. ನನಗೆ ಸಿಟ್ಟು ಬೇಗ. ಮಕ್ಕಳು ಬೆನ್ನ ಹಿಂದೆ ಖಾರಪುಡಿ ಟೀಚರ್ ಅನ್ನುತ್ತಾರೆ ಎಂಬುದು ನನಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತೇನೆ. ಪರೀಕ್ಷೆಯಲ್ಲಿ ಒಂದು ಪದದ ಅರ್ಥ ತಪ್ಪು ಬರೆದರೆ ಒಂದು ಅಂಕ ಕಳೆಯುತ್ತೇನೆ, ಅರ್ಧ ಅಂಕವನ್ನೂ ಬಿಡುವವಳಲ್ಲ. ಆದರೆ 'ಇಳಿ' ಎಂಬ ಪದ ನನ್ನ ಮನೆಯಲ್ಲೇ ಎರಡು ಅರ್ಥಕ್ಕೆ ದುಡಿಯುತ್ತಿದೆ ಎಂಬುದು ಹೋದ ವರ್ಷದ ರಂಜಾನಿನವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಮಗಳಿಗೆ ಈ ಕಾಯಿಲೆ ಬಂದದ್ದು ಏಳನೇ ಕ್ಲಾಸಿನಲ್ಲಿ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಎದೆಯ ಎಲುಬು ಎಣಿಸುವಷ್ಟು ಸೊರಗಿದಳು. ಬೇಸಿಗೆ ಅಂದುಕೊಂಡೆವು. ಒಂದು ದಿನ ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ಮೈಯೊಳಗೆ ಇನ್ಸುಲಿನ್ ಹುಟ್ಟುವುದು ನಿಂತಿದೆ, ಇನ್ನು ಜೀವ ಇರುವತನಕ ಹೊರಗಿನಿಂದ ಚುಚ್ಚಿಕೊಳ್ಳಬೇಕು, ಒಂದು ದಿನವೂ ಬಿಡುವಂತಿಲ್ಲ.

ನನ್ನ ಅತ್ತೆಗೂ ಸಕ್ಕರೆ ಇದೆ. ಆದರೆ ಅವರದು ಗುಳಿಗೆಯ ಸಕ್ಕರೆ, ವಯಸ್ಸಾದ ಮೇಲೆ ಬಂದದ್ದು. ಏರುವುದೊಂದೇ ಅದಕ್ಕೆ ಗೊತ್ತು. ಮಗಳದು ಸೂಜಿಯ ಸಕ್ಕರೆ. ಸೂಜಿ ತಪ್ಪಿದರೆ ಏರಿ ಎರಡು ಮೂರು ದಿನದಲ್ಲಿ ಆಸ್ಪತ್ರೆಗೆ ಹಾಕುತ್ತದೆ. ಸೂಜಿ ಹಾಕಿಕೊಂಡು ಊಟ ತಪ್ಪಿಸಿದರೆ, ಇಲ್ಲವೇ ಉಂಡದ್ದಕ್ಕಿಂತ ಸೂಜಿ ಹೆಚ್ಚಾದರೆ, ಇಳಿಯುತ್ತದೆ. ಇಳಿದರೆ ದಿನಗಟ್ಟಲೆ ಕಾಯುವುದಿಲ್ಲ. ಕೈ ನಡುಗಿ, ಬೆವರು ಕಿತ್ತುಕೊಂಡು, ಮಾತು ತೊದಲಿ, ನೋಡುನೋಡುತ್ತಲೇ ಎಚ್ಚರ ತಪ್ಪುತ್ತದೆ. ಆಗ ಬೇಕಾದ ಮದ್ದೆಂದರೆ ಸಕ್ಕರೆ ನೀರು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯೇ ಮದ್ದು ಎಂದರೆ ನೆಂಟರು ಇವತ್ತಿಗೂ ನನ್ನ ಮುಖ ನೋಡುತ್ತಾರೆ, ಇವಳು ಓದಿ ಓದಿ ಕೆಟ್ಟಳು ಅನ್ನುವ ಹಾಗೆ.

ಮಗಳು ಈಗ ಲಿಂಗಸುಗೂರಿನಲ್ಲಿ ಡಿಗ್ರಿ ಓದುತ್ತಾಳೆ. ಸಿಂಧನೂರಿನಿಂದ ದಿನಾ ಹೋಗಿಬರುವುದು ದೂರ. ನಡುವೆ ಮಸ್ಕಿ ಇದೆ, ಮಸ್ಕಿಯಲ್ಲಿ ನನ್ನ ಅತ್ತೆ ಇದ್ದಾರೆ. ಹಾಗಾಗಿ ವಾರವೆಲ್ಲ ಅವಳು ದಾದಿ ಎಂದು ಕರೆಯುವ ಅಜ್ಜಿಯ ಮನೆ, ರವಿವಾರ ನಮ್ಮ ಮನೆ. ಅತ್ತೆಯ ಮನೆಯ ಮುಂದಿನ ಕೋಣೆಯೇ ಬಳೆ ಅಂಗಡಿ. ನನ್ನ ಮೈದುನ ಊರೂರಿನ ಸಂತೆಗೆ ಬಳೆ ಒಯ್ಯುತ್ತಾನೆ, ಅತ್ತೆ ಅಂಗಡಿಯಲ್ಲಿ ಕೂತು ಹೆಂಗಸರ ಕೈ ಹಿಸುಕಿ ಹಿಸುಕಿ ಬಳೆ ಏರಿಸುತ್ತಾರೆ. ಅವರ ಮಾತು ಅರ್ಧ ದಖನಿ, ಅರ್ಧ ಅಂಗಡಿಯ ಕನ್ನಡ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ನನ್ನನ್ನು ಕರೆಯುವುದು ದುಲ್ಹನ್ ಎಂದೇ. ಮದುಮಗಳು! ತಲೆಗೂದಲಿಗೆ ಬಣ್ಣ ಹಾಕಿಕೊಳ್ಳುವ ಮದುಮಗಳು.

ಆ ಮನೆಯಲ್ಲಿ ಸಕ್ಕರೆಯ ಡಬ್ಬಿ ಇಲ್ಲ. ತಮಗೆ ಕಾಯಿಲೆ ಇದೆ ಎಂದು ತಿಳಿದ ದಿನವೇ ಅತ್ತೆ ಡಬ್ಬಿಯನ್ನು ತೊಳೆದು ಅದರಲ್ಲಿ ಸೂಜಿದಾರ ತುಂಬಿದರು. ಚಹಾಕ್ಕೆ ಶುಂಠಿ ಹಾಕಿ ಕುದಿಸಿ, ಕಷಾಯದ ಹಾಗೆ ಮುಖ ಕಿವುಚಿ ಕುಡಿಯುತ್ತಾರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಇಳಿದಿದ್ದರೆ ನನಗೆ ಫೋನು. "ದುಲ್ಹನ್, ಉತರ್ ಗಯಾ! ಇಳದೈತಿ!" ನಾನು ಇಲ್ಲಿಂದ "ಮಾಷಾ ಅಲ್ಲಾ ಅಮ್ಮಾ" ಅನ್ನಬೇಕು. ಎಷ್ಟೋ ವರ್ಷದಿಂದ ನಡೆದುಬಂದ ರೂಢಿ ಇದು.

ಹೋದ ವರ್ಷ ರಂಜಾನ್ ಹತ್ತಿರ ಬಂದಾಗ ಮಗಳು, "ಅಮ್ಮೀ, ಈ ಸಲ ನಾನೂ ರೋಜಾ ಇರ್ತೀನಿ," ಅಂದಳು. ಉಪವಾಸ ಇರಲೇ ಎಂದು ಕೇಳಿದ್ದಲ್ಲ, ತಿಳಿಸಿದ್ದು. ಇಷ್ಟು ವರ್ಷ ಚಿಕ್ಕವಳೆಂದು ತಡೆದಿದ್ದೆ. ಈಗ ನನ್ನಷ್ಟೇ ಎತ್ತರ ಬೆಳೆದು, ನನ್ನದೇ ಸಿಟ್ಟು ಹಿಡಿದು ಎದುರಿಗೆ ನಿಂತವಳನ್ನು ಯಾವ ಮಾತಿನಿಂದ ತಡೆಯುವುದು?

ಮಸೀದಿಯ ಮೌಲಾನಾರ ಹತ್ತಿರ ಅವಳ ಅಬ್ಬಾನೇ ಕರೆದುಕೊಂಡು ಹೋದರು. ಅವರು ತಿಳಿಹೇಳಿದರು: "ಬೀಮಾರಿ ಇದ್ದವರಿಗೆ ಮಾಫಿ ಐತಿ ಬೇಟಾ. ಅಲ್ಲಾನೇ ಮಾಫ್ ಮಾಡ್ಯಾನ, ನೀ ಯಾಕ ಜುಲುಮೆ ಮಾಡ್ಕೋತಿ?" ಅವಳು ತಲೆ ಅಲ್ಲಾಡಿಸಿ ಕೇಳಿಸಿಕೊಂಡಳು. ಮನೆಗೆ ಬಂದು ನನ್ನ ಮುಂದೆ ಬಾಯಿ ಬಿಟ್ಟಳು. "ಮಾಫಿ ಐತಿ, ಖರೆ. ಆದ್ರ ರಂಜಾನಿನಾಗ ನಾ ಎಲ್ಲಿ ಕುಂತು ಉಣ್ತೀನಿ ನೋಡೀಯೇನು ಅಮ್ಮೀ? ಅಡಿಗಿಮನಿ ಬಾಗಿಲ ಹಿಂದ. ಅಂಗಡಿಗೆ ಬಂದವರು ಯಾರರೆ ಇಣುಕಿದ್ರ ತಾಟು ಮುಚ್ಚತೀನಿ. ಕಳ್ಳಿ ಹಂಗ."

ಅದು ನನಗೆ ಗೊತ್ತಿರದ ಸಂಗತಿಯಲ್ಲ. ಅಂಗಡಿಗೆ ಬಂದ ಹೆಂಗಸೊಬ್ಬಳು ಕೈ ಚಾಚಿಕೊಂಡೇ, "ಪಾಪ, ಇಷ್ಟು ಸಣ್ಣಾಕಿಗೆ ಸಕ್ಕರಿ ಅಂತಲ್ಲ, ಯಾರು ಲಗ್ನ ಮಾಡ್ಕೋತಾರ?" ಅಂದಿದ್ದನ್ನು ಅತ್ತೆಯೇ ನನಗೆ ಹೇಳಿದ್ದರು. ಆಕೆಯ ಕೈಗೆ ಒಂದು ಸೈಜು ಸಣ್ಣ ಬಳೆ ತೊಡಿಸಿ ಕಳಿಸಿದೆ ಎಂದೂ ಹೇಳಿದ್ದರು. ನಾನು ನಕ್ಕಿದ್ದೆ. ಮಗಳು ಆ ಮಾತನ್ನು ಒಳಗಿನಿಂದ ಕೇಳಿಸಿಕೊಂಡಿದ್ದಳು ಎಂಬುದು ಈಗ ತಿಳಿಯಿತು.

ಡಾಕ್ಟರು ಮೊದಲು ಖಡಾಖಂಡಿತ ಬೇಡ ಅಂದರು. ಬೇಡ ಅಂದರೆ ಕದ್ದು ಇರುತ್ತಾಳೆ ಎಂದು ನಾನು ಹೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ ಶುಕ್ರವಾರ ಮಾತ್ರ ಎಂದು ಒಪ್ಪಿದರು. ರಾತ್ರಿಯ ದೊಡ್ಡ ಸೂಜಿಯನ್ನು ಅವರೇ ಲೆಕ್ಕ ಹಾಕಿ ಇಳಿಸಿದರು, ನೀವಾಗಿ ಸಿರಿಂಜಿನ ಒಂದು ಗೆರೆಯನ್ನೂ ಹೆಚ್ಚುಕಡಿಮೆ ಮಾಡಬೇಡಿ ಎಂದು ಬೆರಳೆತ್ತಿ ಹೇಳಿದರು. ರೋಜಾದ ದಿನ ಮತ್ತೆ ಮತ್ತೆ ಬೆರಳು ಚುಚ್ಚಿ ನೋಡಬೇಕು. ಸಕ್ಕರೆ ಎಪ್ಪತ್ತರ ಕೆಳಗೆ ಬಂದರೂ, ಮುನ್ನೂರರ ಮೇಲೆ ಹೋದರೂ ಅಲ್ಲಿಗೆ ರೋಜಾ ಮುಗಿಯಿತು, ಇಫ್ತಾರಿಗೆ ಐದು ನಿಮಿಷ ಇದ್ದರೂ ಅಷ್ಟೇ. "ಹೂಂ ಅನ್ನು," ಅಂದರು. ಮಗಳು ಹೂಂ ಅಂದಳು. ಬೆರಳು ಚುಚ್ಚಿ ರಕ್ತ ತೆಗೆದರೆ ರೋಜಾ ಮುರಿಯುತ್ತದೆ ಎಂದು ಅತ್ತೆಗೆ ಯಾರೋ ಹೇಳಿದ್ದರು. ಮುರಿಯುವುದಿಲ್ಲ ಎಂದು ಮೌಲಾನಾರ ಬಾಯಿಂದಲೇ ಫೋನಿನಲ್ಲಿ ಹೇಳಿಸಿದೆ. ಎಲ್ಲಾ ಕಡೆ ಬೇಲಿ ಹಾಕಿದೆನೆಂದು ತಿಳಿದಿದ್ದೆ.

ಆದರೂ ಜೀವ ಕೈಯಲ್ಲಿ ಹಿಡಿದುಕೊಂಡೇ ಕಳೆದೆ ಆ ಶುಕ್ರವಾರಗಳನ್ನು. ಪಾಠ ಮಾಡುವಾಗ ಫೋನನ್ನು ಹಾಜರಿ ಪುಸ್ತಕದ ಕೆಳಗೆ ಇಟ್ಟಿರುತ್ತಿದ್ದೆ. ಮಗಳು ಬೆರಳು ಚುಚ್ಚಿದಾಗಲೆಲ್ಲ ನಂಬರು ಕಳಿಸಬೇಕು ಎಂಬುದು ನಮ್ಮ ಕರಾರು. ನಂಬರು ಬರುವುದು ತಡವಾದರೆ ಹಳಗನ್ನಡದ ಪದ್ಯದ ನಡುವೆ ನನ್ನ ದನಿ ಎಲ್ಲೋ ಹೋಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ರೋಜಾ ಅದೀರೇನ್ರೀ, ನೀರು ಕುಡೀರಿ," ಅಂದಿದ್ದಳು, ತಾನು ಹೇಳಿದ್ದು ಏನೆಂದು ತಿಳಿಯದೆ. ಕ್ಲಾಸೆಲ್ಲ ನಕ್ಕಿತು, ನನಗೂ ನಗು ಬಂತು.

ಮೊದಲ ಶುಕ್ರವಾರಗಳು ಸರಿಯಾಗಿಯೇ ದಾಟಿದವು. ಇಫ್ತಾರಿನ ಹೊತ್ತಿಗೆ ಅವಳು ಖರ್ಜೂರ ಹಿಡಿದ ಫೋಟೋ ಕಳಿಸಿದಳು. ಆ ಮುಖದ ಬೆಳಕು ನೋಡಿ ನನಗೆ ಅಳು ಬಂತು. ಇಷ್ಟಕ್ಕೇ ಅಲ್ಲವೇ ಇವಳು ಇಷ್ಟು ವರ್ಷ ಒಳಗೊಳಗೇ ಕುದಿದದ್ದು ಅನಿಸಿತು.

ಆಮೇಲಿನ ಶುಕ್ರವಾರ ಬಂತು. ಹಬ್ಬ ಹತ್ತಿರ, ಬಿಸಿಲು ಕಾದ ಹಂಚು. ಸಂಜೆ ಶಾಲೆಯಿಂದ ಬಂದು ಇಫ್ತಾರಿಗೆ ಭಜಿ ಮಾಡಲು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ನಮ್ಮವರು ಪಂಪ್‌ಸೆಟ್ ಮೋಟರು ರಿಪೇರಿ ಮಾಡುವವರು, ಇನ್ನೂ ಅಂಗಡಿಯಲ್ಲಿದ್ದರು. ಮಧ್ಯಾಹ್ನದ ನಂಬರು ಬಂದಿತ್ತು, ತೊಂಬತ್ತೆಂಟು. ಆಮೇಲೆ ಅವಳು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದ್ದಳು, ಅದೂ ತಿಳಿಸಿದ್ದಳು. ಮಸ್ಕಿಗೆ ಬಂದ ಮೇಲಿನ ನಂಬರು ಇನ್ನೂ ಬಂದಿರಲಿಲ್ಲ. ಹಬ್ಬದ ಗದ್ದಲದಲ್ಲಿ ಬಸ್ಸು ತಡವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಗ ಅತ್ತೆಯ ಫೋನು ಬಂತು.

"ದುಲ್ಹನ್! ಬಚ್ಚಿಕಾ ಶುಗರ್ ಉತರ್ ಗಯಾ!" ಅವರ ದನಿಯಲ್ಲಿ ಹಬ್ಬ. "ರೋಜಾದ ಬರ್ಕತ್ ನೋಡು. ಎಷ್ಟು ವರ್ಷದ ಸಕ್ಕರಿ ಹೆಂಗ ಇಳದೈತಿ!"

ನಾಲಿಗೆಯ ತುದಿಗೆ "ಮಾಷಾ ಅಲ್ಲಾ" ಬಂದುಬಿಟ್ಟಿತ್ತು. ರೂಢಿ ಅನ್ನುವುದು ಎಂಥ ಕೆಟ್ಟದ್ದು. ಅದನ್ನು ನುಂಗಿ, "ಎಷ್ಟಂತ ಅಮ್ಮಾ?" ಅಂದೆ.

"ಐವತ್ತೆಂಟು! ನನಗ ಜಲಮದಾಗ ಇಷ್ಟು ಚಲೋ ಬಂದಿಲ್ಲ."

ಚಾಕು ಕೈಯಿಂದ ಜಾರಿತು. "ಆಕಿ ಎಲ್ಲಿ? ಫೋನ್ ಆಕಿಗೆ ಕೊಡ್ರಿ."

"ಮಲಗ್ಯಾಳ. ಬಂದಾಕಿನ ಮಷೀನ್ ನೋಡಿದ್ಲು, ದಾದಿ ಉತರ್ ಗಯಾ ಅಂದ್ಲು, ಬಿದ್ಕೊಂಡ್ಲು. ಮಲಗ್ಲಿ ಬಿಡು, ಇಫ್ತಾರಿಗೆ ಎಬ್ಬಸ್ತೀನಿ. ಬಿಸಲಾಗ ಬಂದಾಳ, ಬೆವತು ತೊಪ್ಪೆ ಆಗ್ಯಾಳ."

ನಾವಿಬ್ಬರೂ ತಾಯಿ ಮಗಳು ಸಕ್ಕರೆ ಹೀಗೆ ಇಳಿಯುವುದನ್ನು ಇಂಗ್ಲಿಷಿನಲ್ಲಿ 'ಲೋ' ಅನ್ನುತ್ತಿದ್ದೆವು. ಅಜ್ಜಿಗೆ ಆ ಮಾತು ತಿಳಿಯುವುದಿಲ್ಲವೆಂದು, ಮಂಪರಿನಲ್ಲಿಯೂ ಆ ಹುಡುಗಿ ಅಜ್ಜಿಯ ಭಾಷೆಯಲ್ಲಿ ಹೇಳಿದ್ದಳು. ಅಜ್ಜಿ ತಮ್ಮ ಅರ್ಥದಲ್ಲಿ ಕೇಳಿಸಿಕೊಂಡು ಹಿಗ್ಗಿದ್ದರು. ಬೆವರು, ನಡುಕ, ಮಂಪರು ಕಂಡರೆ ಸಿಹಿ ಕೊಡಬೇಕೆಂದು ನಾನು ಅತ್ತೆಗೆ ಎಷ್ಟೋ ಸಲ ಹೇಳಿದ್ದೆ. ಆದರೆ ರಂಜಾನಿನ ಸಂಜೆ ಯಾರ ಮುಖ ಬಾಡಿರುವುದಿಲ್ಲ? ಯಾರ ಕೈ ಸೋತಿರುವುದಿಲ್ಲ? ಇಡೀ ಓಣಿಯೇ ಹಾಗಿರುವಾಗ ಅವರು ಒಬ್ಬಳ ಬೆವರನ್ನು ಹೇಗೆ ಬೇರೆ ಮಾಡಿ ನೋಡಬೇಕಿತ್ತು? ಇದೆಲ್ಲ ಈಗಿನ ವಿಚಾರ. ಆಗ ನಾನು ಕಿರುಚಿದೆ.

"ಅದು ಚಲೋ ಅಲ್ಲ ಅಮ್ಮಾ! ಆಕಿಗೆ ಇಳಿಬಾರದು! ಎಬ್ಬಸ್ರಿ ಮೊದಲು, ಈಗ!"

ಆ ಕಡೆ ಬಳೆಗಳ ಸದ್ದು, ಮಂಚ ಕಿರುಗುಟ್ಟಿದ್ದು, "ಬೇಟಾ, ಬೇಟಾ" ಅನ್ನುವ ಕೂಗು. "ಕಣ್ಣು ತೆಗೀತಾಳ, ಮುಚ್ಚತಾಳ. ಕೈ ಮಂಜು ಆಗ್ಯಾವ, ದುಲ್ಹನ್. ಯಾ ಅಲ್ಲಾ, ಕೈ ಮಂಜು ಆಗ್ಯಾವ."

"ಬ್ಯಾಗಿನ ಮುಂದಿನ ಕಿಸೆದಾಗ ಗ್ಲುಕೋಸ್ ಪುಡಿ ಐತಿ, ನೋಡ್ರಿ."

ಜಿಪ್ಪು ಎಳೆದ ಸದ್ದು. "ಇಲ್ಲಿ ಏನೂ ಇಲ್ಲ." ಆ ಪುಡಿಯ ಪೊಟ್ಟಣ ಅವಳ ಪುಸ್ತಕದ ಗೂಡಿನಲ್ಲಿತ್ತೆಂದು ಆಮೇಲೆ ತಿಳಿಯಿತು. ರೋಜಾ ಇದ್ದು ತಿನ್ನುವುದನ್ನು ಜೊತೆಗೆ ಒಯ್ಯುವುದು ಸರಿಯಲ್ಲವೆಂದು ಬೆಳಗ್ಗೆ ತೆಗೆದಿಟ್ಟಿದ್ದಳಂತೆ.

ಸಕ್ಕರೆ ಇಲ್ಲದ ಮನೆ. ಸೂಜಿದಾರದ ಡಬ್ಬಿ ನನ್ನ ಕಣ್ಣ ಮುಂದೆ ಬಂತು. ಮೈದುನ ಗುರುಗುಂಟಾದ ಕಡೆ ಬಳೆ ಮಾರಲು ಹೋಗಿದ್ದ, ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಆಗ ನೆನಪಾಯಿತು, ಇಫ್ತಾರಿಗೆಂದು ಮೈದುನ ತಂದಿಟ್ಟಿದ್ದ ಕೆಂಪು ಶರಬತ್ತು.

"ಶರಬತ್ತು ಅಮ್ಮಾ! ಗಟ್ಟಿಯಾಗಿ ಕಲಸ್ರಿ. ಕೂಡಿಸಿ ಕುಡಿಸ್ರಿ, ಒಂದೊಂದೇ ಗುಟುಕು. ನುಂಗಾಕತ್ತಾಳಿಲ್ಲೋ ನೋಡ್ರಿ. ನುಂಗಲಿಲ್ಲಂದ್ರ ಬಾಯಾಗ ಹಾಕಬ್ಯಾಡ್ರಿ, ಉಸಿರಿಗೆ ಸಿಗತೈತಿ. ಪಕ್ಕದ ಆಟೋದವನ್ನ ಕರೀರಿ, ದವಾಖಾನಿಗೆ ಒಯ್ರಿ."

ಅವರು ಬಾಗಿಲಿಗೆ ಹೋಗಿ ಕೂಗಿದ್ದು, ಆಟೋದವನು "ಬಂದೆ ಅಮ್ಮಾ" ಅಂದದ್ದು, ಅವನ ಆಟೋ ಚಾಲೂ ಆದದ್ದು ಎಲ್ಲಾ ಕೇಳಿಸಿತು. ಆಮೇಲೆ ಚಮಚ ಗ್ಲಾಸಿಗೆ ಬಡಿಯುವ ಸದ್ದು. ಫೋನನ್ನು ಮಂಚದ ಮೇಲೆ ಇಟ್ಟಿರಬೇಕು, ಮಗಳ ದನಿ ತೀರಾ ಹತ್ತಿರ ಬಂತು, ಕುಡಿದವರ ದನಿಯ ಹಾಗೆ.

"ನಕ್ಕೊ... ದಾದಿ, ನಕ್ಕೊ. ಅಜಾನ್ ನೈ ಹುಯಿ."

ಬೇಡ, ಅಜಾನ್ ಆಗಿಲ್ಲ, ರೋಜಾ ಬಿಡುವ ಹೊತ್ತು ಬಂದಿಲ್ಲ. ಆ ಹೊತ್ತಿನಲ್ಲಿ ತನ್ನ ಹೆಸರು ಕೇಳಿದ್ದರೂ ಹೇಳುತ್ತಿದ್ದಳೋ ಇಲ್ಲವೋ, ಅಜಾನ್ ಆಗಿಲ್ಲ ಎಂಬುದೊಂದು ಗಟ್ಟಿಯಾಗಿ ಉಳಿದಿತ್ತು. ಅತ್ತೆ ಬೇಡಿಕೊಂಡರು, ಗದರಿದರು. ಹಲ್ಲು ಬಿಗಿ ಹಿಡಿದಾಳ, ಮುಖ ತಿರುವಾಕತ್ತಾಳ ಎಂದು ಅತ್ತರು. ನಾನು ಇಲ್ಲಿಂದ ಕೂಗಿದೆ, "ಕುಡಿಯೇ, ನಿನ್ನ ಅಮ್ಮಿ ಹೇಳಾಕತ್ತೀನಿ, ಕುಡಿ!" ನನ್ನ ಸಿಟ್ಟಿಗೆ ಇಡೀ ಶಾಲೆ ಹೆದರುತ್ತದೆ. ಮಗಳ ಬಾಯಿ ತೆರೆಸಲಿಕ್ಕೆ ಅದು ಸಾಲಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಸೂರ್ಯ ಇನ್ನೂ ಎದುರು ಮನೆಯ ನೀರಿನ ಟಾಕಿಯ ಮೇಲೇ ಇದ್ದ. ಅವನನ್ನು ಕೈಯಿಂದ ಎಳೆದು ಕೆಳಗಿಳಿಸಬೇಕು ಅನಿಸಿತು.

ಆಗ ಫೋನಿನಲ್ಲಿ ಅತ್ತೆಯ ಅಳು ನಿಂತಿತು. "ಬಿಸ್ಮಿಲ್ಲಾ" ಅಂದರು, ಜೋರಾಗಿ. ಒಂದು ಗುಟುಕು ನುಂಗಿದ ಸದ್ದು. ಇನ್ನೊಂದು ಗುಟುಕು.

"ನೋಡು ಬೇಟಾ, ಕಣ್ಣು ತೆಗೆದು ನೋಡು. ನಾ ಕುಡಿದೆ. ಅಜಾನ್ ಆತು. ನಾ ರೋಜಾ ಬಿಟ್ಟೆ. ಈಗ ನೀ ಬಿಡು."

ನನ್ನ ಅತ್ತೆ ಹಿಡಿದ ರೋಜಾವನ್ನು ನಡುವೆ ಬಿಟ್ಟವರಲ್ಲ. ಜ್ವರದಲ್ಲಿ ಬಿಟ್ಟವರಲ್ಲ, ಮಾವ ತೀರಿದ ದಿನವೂ ಬಿಟ್ಟವರಲ್ಲ. ಮನೆಯ ಅಷ್ಟೂ ಹೆಣ್ಣುಮಕ್ಕಳ ಮುಂದೆ ಆ ಮಾತನ್ನು ಹೇಳಿ ಹೇಳಿ ನಮ್ಮ ತಲೆ ಚಿಟ್ಟು ಹಿಡಿಸಿದ್ದಾರೆ. ಅವರು ಸೂರ್ಯ ಇದ್ದಾಗಲೇ, ಕಣ್ಣಾರೆ ನೋಡುತ್ತಾ, ಮೊಮ್ಮಗಳ ಎದುರಿಗೆ ಶರಬತ್ತು ಕುಡಿದರು. ಅದರ ಮೇಲೊಂದು ಸುಳ್ಳನ್ನೂ ಹೇಳಿದರು, ರಂಜಾನಿನಲ್ಲಿ, ಶುಕ್ರವಾರ.

ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ. ಆಮೇಲೆ ಅತ್ತೆಯ ದನಿ, "ನುಂಗಿದ್ಲು. ಹೌ, ಇನ್ನೊಂದು ಗುಟುಕು. ನುಂಗಿದ್ಲು ದುಲ್ಹನ್, ನುಂಗಾಕತ್ತಾಳ."

ನಮ್ಮವರಿಗೆ ಫೋನು ಮಾಡಿದೆ. ಗ್ರೀಸು ಹತ್ತಿದ ಕೈಯಲ್ಲೇ ಗಾಡಿ ತಂದರು. ಮಸ್ಕಿ ರಸ್ತೆಯ ತುಂಬ ಹಬ್ಬದ ಓಡಾಟ, ಟ್ರ್ಯಾಕ್ಟರು, ಆಟೋ. ಅವರು ಎಂದೂ ಜೋರಾಗಿ ಓಡಿಸುವವರಲ್ಲ, ಅವತ್ತು ನಾನು ಬೆನ್ನಿಗೆ ಗುದ್ದಿ ಗುದ್ದಿ ಓಡಿಸಿದೆ. "ಗಾಬರಿ ಆಗಬ್ಯಾಡ, ಕುಡಿದಾಳಲ್ಲ," ಅಂದರು. ದಾರಿಯಲ್ಲೇ ಎಲ್ಲೋ ಅಜಾನ್ ಕೇಳಿಸಿತು. ಗಾಡಿ ನಿಲ್ಲಿಸಿದೆವು. ಖರ್ಜೂರ ತಂದಿರಲಿಲ್ಲ, ಬಾಟಲಿಯ ಬಿಸಿ ನೀರನ್ನೇ ಕುಡಿದು ರೋಜಾ ಬಿಟ್ಟು ಮತ್ತೆ ಹೊರಟೆವು.

ಮಸ್ಕಿಯಲ್ಲಿ ಆಟೋ ಇನ್ನೂ ಬಾಗಿಲ ಮುಂದೆ ಗುರುಗುಟ್ಟುತ್ತಾ ನಿಂತಿತ್ತು. ಆಟೋದವನು ಒಳಗೆ ಹೋಗಲು ಸಂಕೋಚಪಟ್ಟು ಹೊರಗೇ ಇದ್ದ. "ಎದ್ದು ಕುಂತಾರಕ್ಕಾ, ಊಟ ಮಾಡಾಕತ್ತಾರ," ಅಂದ. ಆಮೇಲೆಯೇ ಆಟೋ ಬಂದ್ ಮಾಡಿದ.

ಮಗಳು ಮಂಚದ ಮೇಲೆ ಗೋಡೆಗೆ ಒರಗಿ ಕೂತು ಅನ್ನ ತಿನ್ನುತ್ತಿದ್ದಳು. ಮುಖ ಸುಣ್ಣದ ಹಾಗಿತ್ತು. ಮಷೀನಿನಲ್ಲಿ ನೂರಾ ಹದಿನೆಂಟು. ನಾನು ಅವಳ ಕೆನ್ನೆ, ಕೈ, ಕುತ್ತಿಗೆ ಎಲ್ಲಾ ಮುಟ್ಟಿ ಮುಟ್ಟಿ ನೋಡಿದೆ. ಬಿಸಿ ಇದ್ದವು. ಬೆಳಗಿನ ಜಾವದ ಸಹರಿ ಊಟದಲ್ಲಿ ನಿದ್ದೆಗಣ್ಣಿನಲ್ಲಿ ಅರ್ಧ ರೊಟ್ಟಿ ಬಿಟ್ಟಿದ್ದಳಂತೆ, ಸೂಜಿಯನ್ನು ಮಾತ್ರ ಪೂರ್ತಿ ಊಟಕ್ಕೆ ಹಾಕಿಕೊಂಡಿದ್ದಳು. ಲಿಂಗಸುಗೂರಿನಲ್ಲಿ ಬಸ್ಸಿಗೆ ನಿಂತದ್ದು, ಬಸ್ಸಿನಲ್ಲಿಯೂ ಸೀಟು ಸಿಗದೆ ನಿಂತದ್ದು. ಐವತ್ತೆಂಟು ನೋಡಿದ ಮೇಲೆ ರೋಜಾ ಬಿಡಬೇಕೆಂದು ಗೊತ್ತಿತ್ತು, ಬಿಡಲಿಕ್ಕೆ ಏಳಬೇಕೆಂದು ಅಂದುಕೊಂಡದ್ದೂ ನೆನಪಿತ್ತು. ಮುಂದಿನದು ನೆನಪಿರಲಿಲ್ಲ.

"ಅಮ್ಮೀ," ಅಂದಳು, ಅತ್ತೆ ಒಳಗೆ ಹೋದಾಗ ದನಿ ತಗ್ಗಿಸಿ. "ನಾ ಶರಬತ್ತು ಕುಡಿದ ಮ್ಯಾಲೆ ಮತ್ತೊಂದು ಸಲ ಅಜಾನ್ ಆತು. ದಾದಿಗೆ ಕೇಳಿದ್ರ ಅದು ಬ್ಯಾರೆ ಮಸೂತಿದು ಅಂತಾಳ."

ಮಸ್ಕಿಯಲ್ಲಿ ಮಸೀದಿಗಳೇನೋ ಇವೆ, ಸೂರ್ಯ ಒಬ್ಬನೇ. ಅವಳು ನನ್ನ ಮುಖ ನೋಡಿದಳು. ತಿಳಿಯಿತು ಅವಳಿಗೆ. ತಾಟನ್ನು ಪಕ್ಕಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಒಳಗೆ ಅತ್ತೆ ಜಾನಮಾಜ್ ಹಾಸಿ ಕೂತಿದ್ದರು. ನಮಾಜ್ ಮುಗಿದಿತ್ತು, ಎದ್ದಿರಲಿಲ್ಲ. ಪಕ್ಕದಲ್ಲಿ ಕೂತೆ. ಅವರೇ ಮೊದಲು ಮಾತಾಡಿದರು. "ನಾ ಚಲೋ ಸುದ್ದಿ ಅಂತ ಫೋನ್ ಹಚ್ಚಿದ್ನಲ್ಲ ದುಲ್ಹನ್. ಹಚ್ಚದಿದ್ರ? ಮಲಗ್ಲಿ ಅಂತ ಅಂಗಡ್ಯಾಗ ಕುಂತಿದ್ರ?" ಅದನ್ನೇ ನಾನೂ ದಾರಿಯುದ್ದಕ್ಕೂ ನೆನೆದು ನೆನೆದು ಸತ್ತಿದ್ದೆ. ಅವರಿಗೆ ಹಿಗ್ಗು ತಡೆಯದೇ ಹೋದದ್ದರಿಂದ ನನ್ನ ಮಗಳು ಉಳಿದಳು.

"ಅಮ್ಮಾ," ಅಂದೆ, "ನಿಮ್ಮದು ಇಳಿಯೋದು. ಮೆಟ್ಟಿಲ ಮ್ಯಾಲಿಂದ ಇಳಿದಂಗ, ಚಲೋ. ಆಕಿದು ಇಳಿಯೋದಲ್ಲ, ಬೀಳೋದು. ಇನ್ನ ಮ್ಯಾಲೆ ನಮ್ಮ ಮನಿಯಾಗ ಆಕಿ ಶುಗರಿಗೆ ಯಾರೂ ಇಳೀತು ಅನ್ನಬಾರದು. ಬಿತ್ತು ಅನ್ನಬೇಕು. ಉತರ್ ಅಲ್ಲ, ಗಿರ್."

"ಗಿರ್ ಗಯಾ," ಎಂದು ಅವರು ಮೆಲ್ಲಗೆ ಹೇಳಿ ನೋಡಿದರು. "ಬಿದ್ದೈತಿ. ಹಂಗಂದಿದ್ರ ನಾ ಓಡಿಬರ್ತಿದ್ದೆ, ಬೇಟಾ. ಮಗು ಬಿತ್ತಂದ್ರ ಯಾರರೆ ಸುಮ್ಮನ ಕೂಡ್ತಾರ?"

ಡಾಕ್ಟರು ನಮ್ಮೆಲ್ಲರನ್ನೂ ಸಾಲಾಗಿ ಕೂಡಿಸಿ ಬೈದರು, ಆ ವರ್ಷದ ರೋಜಾಗಳಿಗೆ ಅಲ್ಲಿಗೆ ಪೂರ್ಣವಿರಾಮ ಹಾಕಿದರು. ಮಗಳು ವಾದ ಮಾಡಲಿಲ್ಲ. ಅತ್ತೆ ಮೌಲಾನಾರಿಗೆ ಫೋನು ಮಾಡಿಸಿ ತಮ್ಮ ರೋಜಾದ ಬಗ್ಗೆ ಕೇಳಿದರು. ಅವರು ಏನು ಹೇಳಿದರೋ, ಫೋನು ಇಟ್ಟ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಹಬ್ಬ ಆದ ಮೇಲೆ ಆ ಒಂದು ರೋಜಾ ತೀರಿಸುತ್ತೇನೆ ಅಂದರು.

ತೀರಿಸಿದ ದಿನ ನಾನೂ ಮಸ್ಕಿಯಲ್ಲಿದ್ದೆ. ಮಧ್ಯಾಹ್ನ ಮಗಳು ರೂಢಿಯಂತೆ ತಾಟು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಸರಿದಳು. ಅಂಗಡಿಯಲ್ಲಿ ಇಬ್ಬರು ಹೆಂಗಸರಿದ್ದರು. ಅತ್ತೆ ಒಬ್ಬಳ ಕೈ ಹಿಡಿದುಕೊಂಡೇ ಕೂಗಿದರು, "ಬಾ ಇಲ್ಲಿ. ನನ್ನ ಎದುರಿಗೆ ಕುಂತು ಉಣ್ಣು. ನಾ ರೋಜಾ ಅದೀನಿ, ನೀ ಉಂಡದ್ದು ನೋಡಿದ್ರ ನನ್ನ ಹೊಟ್ಟಿ ತುಂಬತೈತಿ." ಮಗಳು ನನ್ನ ಕಡೆ ನೋಡಿದಳು. ಆಮೇಲೆ ಬಂದು ಬಳೆಯ ಪೆಟ್ಟಿಗೆಗಳ ನಡುವೆ ಕೂತು, ತಾಟು ತೆರೆದೇ ಇಟ್ಟುಕೊಂಡು ಉಂಡಳು. ಅಂಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಸಣ್ಣ ಸೈಜಿನ ಬಳೆ ತಯಾರಿದ್ದವು.

ಸಕ್ಕರೆಯ ಡಬ್ಬಿ ಆ ಮನೆಗೆ ಮರಳಿ ಬಂದಿದೆ. ಮೇಲೆ ಕೆಂಪು ಬಳೆಯೊಂದನ್ನು ದಾರದಿಂದ ಕಟ್ಟಿ ಗುರುತು ಮಾಡಿದ್ದಾರೆ. ಅದು ಮೊಮ್ಮಗಳ ಡಬ್ಬಿ, ಅವರು ಅದರಿಂದ ಒಂದು ಕಾಳನ್ನೂ ಮುಟ್ಟುವುದಿಲ್ಲ.

ನನ್ನ ಭಯ ಹೋಗಿಲ್ಲ. ರೋಜಾ ಇಲ್ಲದ ದಿನವೂ ಸಕ್ಕರೆ ಬೀಳುತ್ತದೆ, ಪರೀಕ್ಷೆಯ ಗಡಿಬಿಡಿಗೆ ಬೀಳುತ್ತದೆ, ಬಸ್ಸು ಹಿಡಿಯಲು ಓಡಿದ್ದಕ್ಕೆ ಬೀಳುತ್ತದೆ. ಫೋನು ಇನ್ನೂ ಹಾಜರಿ ಪುಸ್ತಕದ ಕೆಳಗೇ ಇರುತ್ತದೆ. ಈ ವರ್ಷದ ರಂಜಾನಿನಲ್ಲಿ ಮಗಳು ರೋಜಾ ಇರಲಿಲ್ಲ. ಸಹರಿಗೆ ಎದ್ದು ಅಜ್ಜಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು, ಸಂಜೆ ಎಲ್ಲರ ಜೊತೆ ಇಫ್ತಾರಿಗೆ ಕೂಡುತ್ತಿದ್ದಳು. ಅದರ ನಡುವೆ ಒಂದು ಶುಕ್ರವಾರ ಮಧ್ಯಾಹ್ನ, ನಾನು ಸ್ಟಾಫ್‌ರೂಮಿನಲ್ಲಿ ಪೇಪರು ತಿದ್ದುತ್ತಿದ್ದಾಗ ಅತ್ತೆಯ ಹೆಸರು ಫೋನಿನ ಮೇಲೆ ಬಂತು. ಆ ಹೊತ್ತಿಗೆ ಅವರು ಫೋನು ಮಾಡುವವರಲ್ಲ. ಕೆಂಪು ಪೆನ್ನು ಹಿಡಿದುಕೊಂಡೇ ಫೋನು ಎತ್ತಿದೆ.

"ದುಲ್ಹನ್, ಗಾಬರಿ ಆಗಬ್ಯಾಡ," ಅಂದರು. "ಬಿದ್ದಿತ್ತು. ಎತ್ತೀನಿ."

ಕಣ್ಣು ತುಂಬಿ ಬಂತು. ಎದುರು ಕೂತ ಗಣಿತದ ಮೇಡಂಗೆ ಕಾಣದಂತೆ ಗೋಡೆಯ ಕಡೆ ತಿರುಗಿ, "ಮತ್ತ ನಿಮ್ಮ ರೋಜಾ ಅಮ್ಮಾ?" ಅಂದೆ.

"ನಂದು ಐತಿ ಬಿಡು," ಅಂದರು ಅತ್ತೆ. "ಈ ಸಲ ನಾ ಕುಡಿದು ತೋರಸೋದು ಬೇಕಾಗ್ಲಿಲ್ಲ."